ಕಂಠಿಕೆಯಿಂದ ಕಿರೀಟದವರೆಗೆ: ಯುವರಾಜ ಪದವಿ ಮತ್ತು ಆರನೆಯ ವಿಕ್ರಮಾದಿತ್ಯ

ಪ್ರಾಚೀನ ಕರ್ನಾಟಕದ ಅರಸುಮನೆತನಗಳ ಚರಿತ್ರೆಯಲ್ಲಿ ಯುವರಾಜ ಎಂಬುದು ಕೇವಲ ಗೌರವಸೂಚಕವಾದ ಬಿರುದಾಗಿರಲಿಲ್ಲ. ಅದು ರಾಜ್ಯದ ನಾಳೆಯನ್ನು ಇಂದೇ ನಿರ್ಣಯಿಸಿ ಸಾಮಂತರಿಗೂ ಪ್ರಜೆಗಳಿಗೂ ತಿಳಿಯಪಡಿಸುವ ವ್ಯವಸ್ಥೆಯಾಗಿತ್ತು. ಹಾಗೆ ನಿರ್ಣಯಿಸಿದ್ದು ಹಾಗೆಯೇ ನಡೆಯಿತೆಂದು ಮಾತ್ರ ಹೇಳುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಜೀವನವು ಇದಕ್ಕೆ ಅತ್ಯುತ್ತಮ ನಿದರ್ಶನ. ಕ್ರಿ.ಶ. 1076ರಿಂದ 1126ರವರೆಗೆ ಐವತ್ತು ವರ್ಷಗಳ ಕಾಲ ಆಳಿದ ಈ ಅರಸನು ತಂದೆಯ ಕಾಲದಲ್ಲಿ ಯುವರಾಜನಾಗಿರಲಿಲ್ಲ. ಅವನ ಆಸ್ಥಾನಕವಿಯ ಪ್ರಕಾರ ಅವನು ಆ ಪದವಿಯನ್ನು ತಾನಾಗಿಯೇ ನಿರಾಕರಿಸಿದ. ಶತ್ರುಗಳಾದ ಚೋಳರ ಶಾಸನಗಳ ಪ್ರಕಾರ ಅದರ ಲಾಂಛನವನ್ನು ಅವರ ಕೈಯಿಂದ ಸ್ವೀಕರಿಸಿದ. ಪಟ್ಟವೇರಿದ ಮೇಲೆ ಅದೇ ಪದವಿಯನ್ನು ತಮ್ಮನಿಗೆ ನೀಡಿ, ಆ ತಮ್ಮನ ದಂಗೆಯನ್ನೇ ಎದುರಿಸಿದ. ವಿಕ್ರಮಾದಿತ್ಯನ ದಿಗ್ವಿಜಯ, ಶಕಸ್ಥಾಪನೆ, ದಾನಧರ್ಮಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಯುವರಾಜ ಪದವಿಯ ಹಿನ್ನೆಲೆಯಲ್ಲಿ ಅವನ ಜೀವನವನ್ನು ಅವಲೋಕಿಸಿದಾಗ ಬೇರೊಂದು ಚಿತ್ರ ಮೂಡುತ್ತದೆ.

ಪದವಿಯ ಪೂರ್ವಚರಿತ್ರೆ

ಬಾದಾಮಿ ಚಾಲುಕ್ಯರ ಕಾಲದಲ್ಲಿಯೇ ಈ ಬಿರುದು ರೂಢಿಯಲ್ಲಿತ್ತು. ಆದರೆ ಅದು ಹಿರಿಯ ಮಗನಿಗೇ ಸಲ್ಲಬೇಕೆಂಬ ನಿಯಮವೇನೂ ಕಾಣುವುದಿಲ್ಲ. ಇಮ್ಮಡಿ ಪುಲಿಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನು ತನ್ನ ಸಾತಾರಾ ತಾಮ್ರಪಟದಲ್ಲಿ ತನ್ನನ್ನು ಯುವರಾಜನೆಂದು ಕರೆದುಕೊಂಡಿದ್ದಾನೆ. ಆದರೆ ಮುಂದೆ ಅವನು ಅಣ್ಣನ ಸಿಂಹಾಸನವನ್ನು ಏರಲಿಲ್ಲ. ವೆಂಗಿಯಲ್ಲಿ ಪ್ರತ್ಯೇಕ ರಾಜಶಾಖೆಯೊಂದಕ್ಕೆ ಮೂಲಪುರುಷನಾದ. ಪುಲಿಕೇಶಿಯೇ ಸಿಂಹಾಸನವನ್ನು ಪಡೆದದ್ದು ಚಿಕ್ಕಪ್ಪನಾದ ಮಂಗಳೇಶನೊಡನೆ ಹೋರಾಡಿ. ಮಂಗಳೇಶನು ರಾಜ್ಯವನ್ನು ತನ್ನ ಮಗನಿಗೆ ದೊರಕಿಸಲು ಯತ್ನಿಸಿ, ಆ ಯತ್ನದೊಂದಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಐಹೊಳೆಯ ಶಾಸನ ತಿಳಿಸುತ್ತದೆ.

ಯುವರಾಜನಾದವನಿಗೆ ಆಡಳಿತದ ನಿಜವಾದ ಅಧಿಕಾರವೂ ಇದ್ದಿತೆಂಬುದಕ್ಕೆ ಲಕ್ಷ್ಮೇಶ್ವರದ ಶಾಸನವು ಆಧಾರ. ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ವಿಜಯಾದಿತ್ಯನ ಮಗನಾದ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯೊಂದನ್ನು ಹಾಕಿಕೊಟ್ಟದ್ದನ್ನು ಅದು ದಾಖಲಿಸುತ್ತದೆ. ನಗರವೊಂದರ ಹಕ್ಕುಬಾಧ್ಯತೆಗಳನ್ನು ಗೊತ್ತುಪಡಿಸುವಷ್ಟು ಅಧಿಕಾರ ಅವನಿಗಿತ್ತು.

ರಾಷ್ಟ್ರಕೂಟರ ಕಾಲದಲ್ಲಿ ಈ ಪದವಿಗೊಂದು ದೃಶ್ಯಲಾಂಛನವಿತ್ತು. ಅದು ಕಂಠಿಕೆ, ಎಂದರೆ ಕೊರಳಿಗೆ ಕಟ್ಟುವ ಆಭರಣ. ಅರಸನ ಪಟ್ಟಬಂಧಕ್ಕೆ ಹಣೆ ಹೇಗೆ ಸ್ಥಾನವೋ ಯುವರಾಜನ ಅಭಿಷೇಕಕ್ಕೆ ಕೊರಳು ಹಾಗೆ. ಧ್ರುವನು ತನ್ನ ಮಕ್ಕಳಲ್ಲಿ ಸ್ತಂಭನನ್ನು ಬಿಟ್ಟು ಮೂರನೆಯ ಗೋವಿಂದನನ್ನು ಉತ್ತರಾಧಿಕಾರಿಯನ್ನಾಗಿ ಆರಿಸಿದನು. ತಂದೆಯು ರಾಜ್ಯವನ್ನೆಲ್ಲ ಒಪ್ಪಿಸಲು ಮುಂದಾದಾಗ ಗೋವಿಂದನು ತನಗೆ ಕಂಠಿಕೆಯೇ ಸಾಕೆಂದು ವಿನಯದಿಂದ ಹಿಂಜರಿದನೆಂದು ಅವನ ತಾಮ್ರಪಟಗಳು ಬಣ್ಣಿಸುತ್ತವೆ. ತಂದೆಯ ನಂತರ ಸ್ತಂಭನು ದಂಗೆಯೆದ್ದು ಸೋತನು. ಗೋವಿಂದನು ಅವನನ್ನು ಕ್ಷಮಿಸಿ ಗಂಗವಾಡಿಯ ಆಡಳಿತವನ್ನು ವಹಿಸಿದನು. ಅಣ್ಣನನ್ನು ಮೀರಿ ಆಯ್ಕೆಯಾದ ತಮ್ಮ, ನೀಡಿದ್ದನ್ನು ವಿನಯದಿಂದ ನಿರಾಕರಿಸುವಿಕೆ, ಸೋತ ಸೋದರನಿಗೆ ಕ್ಷಮೆ ಎಂಬ ಈ ಮೂರು ಅಂಶಗಳು ಮುಂದೆ ವಿಕ್ರಮಾದಿತ್ಯನ ಚರಿತ್ರೆಯಲ್ಲಿಯೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಇವನ್ನು ನೆನಪಿನಲ್ಲಿಡುವುದು ಅಗತ್ಯ.

ರಾಜಕುಮಾರನ ವರ್ಷಗಳು

ವಿಕ್ರಮಾದಿತ್ಯನ ತಂದೆ ಒಂದನೆಯ ಸೋಮೇಶ್ವರ. ಆಹವಮಲ್ಲ, ತ್ರೈಲೋಕ್ಯಮಲ್ಲ ಎಂಬುವು ಅವನ ಬಿರುದುಗಳು. ಕಲ್ಯಾಣವನ್ನು ವೈಭವದ ರಾಜಧಾನಿಯನ್ನಾಗಿ ಬೆಳೆಸಿದ ಈ ಅರಸನ ಆಳ್ವಿಕೆಯ ಬಹುಭಾಗ ಚೋಳರೊಡನೆ ಹೋರಾಡುವುದರಲ್ಲಿ ಕಳೆಯಿತು. ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜನು ಮಡಿದರೂ ಗೆಲುವು ಚಾಲುಕ್ಯರಿಗೆ ದಕ್ಕಲಿಲ್ಲ. ಇಂಥ ದೀರ್ಘ ಯುದ್ಧದ ನಡುವೆ ಬೆಳೆದ ರಾಜಕುಮಾರರಿಗೆ ನಾಡುಗಳ ಆಡಳಿತವೂ ಸೈನ್ಯದ ನಾಯಕತ್ವವೂ ಚಿಕ್ಕ ವಯಸ್ಸಿನಲ್ಲಿಯೇ ದೊರೆತವು.

ಹಿರಿಯನಾದ ಸೋಮೇಶ್ವರನು ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರನ್ನು ಆಳುತ್ತಿದ್ದನು. ಇಂದಿನ ಗದಗ, ಅಣ್ಣಿಗೇರಿ, ಲಕ್ಷ್ಮೇಶ್ವರಗಳ ಸುತ್ತಣ ಈ ಫಲವತ್ತಾದ ಎರೆಯ ನಾಡುಗಳು ಚಾಲುಕ್ಯ ಸಾಮ್ರಾಜ್ಯದ ಹೃದಯಭಾಗ. ವಿಕ್ರಮಾದಿತ್ಯನಿಗೆ ದೊರೆತದ್ದು ದಕ್ಷಿಣದ ಗಡಿಭಾಗ. 1055ರ ವೇಳೆಗೆ ಅವನು ಗಂಗ ಪೆರ್ಮಾನಡಿ ಎಂಬ ಹೆಸರಿನಿಂದ ಗಂಗವಾಡಿ ತೊಂಬತ್ತಾರು ಸಾಸಿರ ಮತ್ತು ಬನವಾಸಿ ಪನ್ನಿರ್ಛಾಸಿರಗಳನ್ನು ಆಳುತ್ತಿದ್ದುದು ಶಾಸನಗಳಿಂದ ತಿಳಿದುಬರುತ್ತದೆ. ಈ ಹಂಚಿಕೆಯ ಪರಿಣಾಮವು ದೂರಗಾಮಿಯಾಯಿತು. ಹಿರಿಯನಿಗೆ ಪದವಿಯೂ ರಾಜಧಾನಿಗೆ ಹತ್ತಿರವಾದ ಸಮೃದ್ಧ ನಾಡುಗಳೂ ಸಂದವು. ಕಿರಿಯನಿಗೆ ಗಡಿಯ ಸೈನ್ಯವೂ ಅಲ್ಲಿನ ಕದಂಬ, ಹೊಯ್ಸಳ, ಸಿಂದ ಮೊದಲಾದ ಸಾಮಂತರ ಒಡನಾಟವೂ ಲಭಿಸಿದವು. ಮುಂದೆ ಸಿಂಹಾಸನದ ಪ್ರಶ್ನೆ ಎದ್ದಾಗ ನಿರ್ಣಾಯಕವಾದದ್ದು ಎರಡನೆಯದು. ಚೋಳ ಶಾಸನಗಳು ಈ ಯುದ್ಧಗಳನ್ನು ವರ್ಣಿಸುವಾಗ ವಿಕ್ಕಲನ್, ಸಿಂಗಣನ್ ಎಂದು ವಿಕ್ರಮಾದಿತ್ಯನನ್ನೂ ಅವನ ತಮ್ಮ ಜಯಸಿಂಹನನ್ನೂ ಹೆಸರಿಸುತ್ತವೆ. ಶತ್ರುಗಳು ರಣರಂಗದಲ್ಲಿ ಗುರುತಿಸುತ್ತಿದ್ದ ಚಾಲುಕ್ಯ ಕುಮಾರರಲ್ಲಿ ಇವರಿಬ್ಬರೂ ಪ್ರಮುಖರಾಗಿದ್ದರು.

ನಿರಾಕರಣೆಯ ಕಥೆ

ವಿಕ್ರಮಾದಿತ್ಯನ ಆರಂಭದ ಜೀವನವನ್ನು ಕುರಿತ ಮುಖ್ಯ ಸಾಹಿತ್ಯಿಕ ಆಕರ ಬಿಲ್ಹಣನ ವಿಕ್ರಮಾಂಕದೇವಚರಿತ. ಕಾಶ್ಮೀರದ ಖೊನಮುಖದಲ್ಲಿ ಹುಟ್ಟಿ, ಮಥುರಾ, ಕನ್ಯಾಕುಬ್ಜ, ಕಾಶಿ, ಸೋಮನಾಥಗಳನ್ನು ಸುತ್ತಿ ಕಲ್ಯಾಣಕ್ಕೆ ಬಂದ ಬಿಲ್ಹಣನಿಗೆ ವಿಕ್ರಮಾದಿತ್ಯನು ವಿದ್ಯಾಪತಿ ಎಂಬ ಪದವಿಯನ್ನಿತ್ತು ಗೌರವಿಸಿದನು. ಹದಿನೆಂಟು ಸರ್ಗಗಳ ಈ ಸಂಸ್ಕೃತ ಮಹಾಕಾವ್ಯ ಶತಮಾನಗಳ ಕಾಲ ಮರೆಯಾಗಿದ್ದು, 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಜಾರ್ಜ್ ಬ್ಯೂಲರ್ ಅವರಿಗೆ ದೊರೆಯಿತು. ಮರುವರ್ಷವೇ ಅದು ಮುಂಬಯಿಯ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಕನ್ನಡ ಅರಸನೊಬ್ಬನ ಚರಿತ್ರೆಯನ್ನು ಕಾಶ್ಮೀರದ ಕವಿ ಬರೆದು, ಮರುಭೂಮಿಯ ಭಂಡಾರವೊಂದು ಕಾಪಾಡಿ, ಮುಂಬಯಿ ಅದನ್ನು ಮತ್ತೆ ಬೆಳಕಿಗೆ ತಂದದ್ದು ಹೊರನಾಡ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಬಿಲ್ಹಣನು ಹೇಳುವ ಕಥೆಯ ಸಾರ ಇಷ್ಟು. ಮಕ್ಕಳಿಲ್ಲದ ಆಹವಮಲ್ಲನು ಶಿವನನ್ನು ಕುರಿತು ತಪಸ್ಸು ಮಾಡಿದ. ಮೂವರು ಮಕ್ಕಳಾಗುವರೆಂದೂ ಅವರಲ್ಲಿ ನಡುವಿನವನು ತನ್ನ ವಿಶೇಷ ಅನುಗ್ರಹದಿಂದ ಹುಟ್ಟುವನೆಂದೂ ಶಿವನು ವರವಿತ್ತ. ಮಕ್ಕಳು ಬೆಳೆದ ಮೇಲೆ ತಂದೆಯು ವಿಕ್ರಮಾದಿತ್ಯನನ್ನೇ ಯುವರಾಜನನ್ನಾಗಿ ಮಾಡಲು ಬಯಸಿದ. ಅಣ್ಣನಿರುವಾಗ ಆ ಪದವಿ ತನಗೆ ಸಲ್ಲದೆಂದು ಕುಮಾರನು ನಿರಾಕರಿಸಿದ. ತಂದೆಯು ಶಿವನ ವರವನ್ನೂ ಗ್ರಹಬಲವನ್ನೂ ಮುಂದಿಟ್ಟು ಒತ್ತಾಯಿಸಿದರೂ ಅವನು ಬಗ್ಗಲಿಲ್ಲ. ಕೊನೆಗೆ ಸೋಮೇಶ್ವರನಿಗೆ ಯುವರಾಜ ಪಟ್ಟವಾಯಿತು. ಆದರೂ ರಾಜ್ಯಲಕ್ಷ್ಮಿಯ ಒಲವು ಕಿರಿಯನ ಕಡೆಗೇ ಇತ್ತು, ರಾಜ್ಯದ ಭಾರವನ್ನೂ ಅವನೇ ಹೊತ್ತ ಎಂಬುದು ಕವಿಯ ಮಾತು.

ಈ ಪ್ರಸಂಗವನ್ನು ಇತಿಹಾಸವೆಂದು ಸ್ವೀಕರಿಸುವುದು ಕಷ್ಟ. ಆದರೆ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಅದರಲ್ಲಿ ಕವಿಯು ಅನಿವಾರ್ಯವಾಗಿ ಒಪ್ಪಿಕೊಂಡ ಸತ್ಯವೊಂದಿದೆ: ತಂದೆಯ ಜೀವಿತಕಾಲದಲ್ಲಿ ಯುವರಾಜನಾಗಿದ್ದವನು ಸೋಮೇಶ್ವರ. ಇದು ಎಲ್ಲರಿಗೂ ತಿಳಿದಿದ್ದ ಸಂಗತಿಯಾದ್ದರಿಂದ ಮರೆಮಾಚಲು ಬರುವಂತಿರಲಿಲ್ಲ. ಮರೆಮಾಚಲಾಗದ ಕೊರತೆಯನ್ನು ಕವಿಯು ತ್ಯಾಗವನ್ನಾಗಿ ಮಾರ್ಪಡಿಸಿದ. ಗೋವಿಂದನು ಯುವರಾಜನಾಗಿಯೇ ಉಳಿಯಲು ಬಯಸಿ ರಾಜ್ಯವನ್ನು ನಿರಾಕರಿಸಿದರೆ ವಿಕ್ರಮಾದಿತ್ಯನು ಯುವರಾಜತ್ವವನ್ನೇ ನಿರಾಕರಿಸಿದ. ರಾಷ್ಟ್ರಕೂಟ ತಾಮ್ರಪಟಗಳ ಹಳೆಯ ಆಶಯವು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ.

ಎರಡು ಕಂಠಿಕೆಗಳು

1068ರ ಮಾರ್ಚ್ ಕೊನೆಯಲ್ಲಿ, ಗುಣವಾಗದ ಜ್ವರದಿಂದ ಬಳಲುತ್ತಿದ್ದ ಆಹವಮಲ್ಲನು ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಜಲಸಮಾಧಿ ಹೊಂದಿದನು. ಏಪ್ರಿಲ್‌ನಲ್ಲಿ ಎರಡನೆಯ ಸೋಮೇಶ್ವರನು ಭುವನೈಕಮಲ್ಲನೆಂಬ ಬಿರುದಿನಿಂದ ಪಟ್ಟವೇರಿದನು. ಯುವರಾಜನು ಅರಸನಾದನು, ಪದವಿಯು ತನ್ನ ಮಾತನ್ನು ಉಳಿಸಿಕೊಂಡಿತು. ದಕ್ಷಿಣದ ನಾಡುಗಳಲ್ಲಿ ತಮ್ಮಂದಿರ ಅಧಿಕಾರ ಮುಂದುವರಿಯಿತು. ಮೊದಲ ದಿನಗಳಲ್ಲಿ ಸೋದರರ ನಡುವೆ ವಿಶ್ವಾಸವಿತ್ತೆಂಬುದನ್ನು ಬಿಲ್ಹಣನೂ ಅಲ್ಲಗಳೆಯುವುದಿಲ್ಲ.

ಬಿರುಕಿಗೆ ಕಾರಣ ಅಣ್ಣನ ದುರ್ನಡತೆಯೆಂದು ಕಾವ್ಯ ಹೇಳುತ್ತದೆ. ಚೋಳ ವೀರರಾಜೇಂದ್ರನ ಶಾಸನಗಳು ಹೇಳುವುದೇ ಬೇರೆ. ಅವುಗಳ ಪ್ರಕಾರ, ಸೋಮೇಶ್ವರನು ತನ್ನ ಕೊರಳ ಕಂಠಿಕೆಯನ್ನು ಬಿಚ್ಚುವುದಕ್ಕೂ ಮೊದಲೇ ಚೋಳನು ಕಂಪಿಲಿಯನ್ನು ಸುಟ್ಟು, ಕರಡಿಕಲ್ಲಿನಲ್ಲಿ ಜಯಸ್ತಂಭ ನೆಟ್ಟನು. ತನ್ನ ಆಶ್ರಯಕ್ಕೆ ಬಂದ ವಿಕ್ರಮಾದಿತ್ಯನ ಕೊರಳಿಗೆ ಕಂಠಿಕೆಯನ್ನು ಕಟ್ಟಿ, ರಟ್ಟಪಾಡಿ ಏಳೂವರೆ ಲಕ್ಷ ನಾಡನ್ನು ಗೆದ್ದು ಅವನಿಗೆ ಕೊಟ್ಟನು. ಇದರಲ್ಲಿ ಉತ್ಪ್ರೇಕ್ಷೆಯಿದೆ. ಕನ್ನಡ ಶಾಸನಗಳು ಗುತ್ತಿಯ ಬಳಿ ಚೋಳಸೈನ್ಯವೇ ಹಿಮ್ಮೆಟ್ಟಿತೆಂದು ಸಾರುತ್ತವೆ. ಸೋಮೇಶ್ವರನು 1076ರವರೆಗೆ ರಾಜ್ಯವಾಳಿದ್ದೂ ನಿಶ್ಚಿತ. ಆದರೆ ಕಂಠಿಕೆಯ ಪ್ರಸ್ತಾಪ ಅತ್ಯಂತ ಮಹತ್ವದ್ದು. ಚಾಲುಕ್ಯರ ಉತ್ತರಾಧಿಕಾರದ ಲಾಂಛನವು ಯಾವುದೆಂಬುದು ಚೋಳನಿಗೆ ತಿಳಿದಿತ್ತು. ಒಬ್ಬನ ಕೊರಳಲ್ಲಿ ಅದಿರುವಾಗಲೇ ಇನ್ನೊಬ್ಬನ ಕೊರಳಿಗೆ ಕಟ್ಟಿದರೆ ರಾಜ್ಯ ಎರಡಾಗುವುದೆಂಬುದೂ ತಿಳಿದಿತ್ತು. ಹೀಗೆ ಒಂದೇ ಸಿಂಹಾಸನಕ್ಕೆ ಎರಡು ಕಂಠಿಕೆಗಳಾದವು.

ವಿಕ್ರಮಾದಿತ್ಯನು ವೀರರಾಜೇಂದ್ರನ ಮಗಳನ್ನು ಮದುವೆಯಾದದ್ದನ್ನು ಬಿಲ್ಹಣನು ವಿಸ್ತಾರವಾಗಿ ಹೇಳುತ್ತಾನೆ. ಈ ಸಂಬಂಧಕ್ಕೆ ಗೋವೆಯ ಕದಂಬ ಜಯಕೇಶಿಯ ನೆರವಿತ್ತು. ಆದರೆ ಕೊರಳಿಗೆ ಬಿದ್ದ ಕಂಠಿಕೆಯ ವಿಚಾರವು ಕಾವ್ಯದಲ್ಲಿಲ್ಲ. ತಂದೆಯಿಂದ ನಿರಾಕರಿಸಿದ್ದನ್ನು ತಂದೆಯ ಪರಮಶತ್ರುವಿನಿಂದ ಸ್ವೀಕರಿಸಿದನೆಂಬ ಮಾತು ಅಲ್ಲಿ ಬರುವಂತೆಯೂ ಇರಲಿಲ್ಲ. ನಿರಾಕರಣೆಯ ಕಥೆಯು ಏಕೆ ಅವಶ್ಯವಾಯಿತೆಂಬುದಕ್ಕೆ ಉತ್ತರ ಈ ಮೌನದಲ್ಲಿಯೇ ದೊರೆಯುತ್ತದೆ.

ವೀರರಾಜೇಂದ್ರನು ತೀರಿಕೊಂಡ ಮೇಲೆ ವಿಕ್ರಮಾದಿತ್ಯನು ಮೈದುನನಾದ ಅಧಿರಾಜೇಂದ್ರನನ್ನು ಚೋಳ ಸಿಂಹಾಸನದಲ್ಲಿ ಕೂರಿಸಿ ಬಂದನು. ಸ್ವಲ್ಪಕಾಲದಲ್ಲಿಯೇ ಅಧಿರಾಜೇಂದ್ರನು ಅಳಿದು, 1070ರಲ್ಲಿ ವೆಂಗಿಯ ಚಾಲುಕ್ಯ ರಾಜೇಂದ್ರನು ಕುಲೋತ್ತುಂಗನೆಂಬ ಹೆಸರಿನಿಂದ ಚೋಳ ಚಕ್ರವರ್ತಿಯಾದನು. ಈ ಕುಲೋತ್ತುಂಗನು ವೆಂಗಿಯ ಮೂಲಪುರುಷನಾದ ಯುವರಾಜ ಕುಬ್ಜ ವಿಷ್ಣುವರ್ಧನನ ವಂಶದವನೆಂಬುದು ಗಮನಾರ್ಹ. ವಿಕ್ರಮಾದಿತ್ಯನನ್ನು ಸಮಾನ ಶತ್ರುವೆಂದು ಬಗೆದ ಸೋಮೇಶ್ವರನೂ ಕುಲೋತ್ತುಂಗನೂ ಒಂದಾದರು. ಜಯಸಿಂಹ ಮತ್ತು ದಕ್ಷಿಣದ ಸಾಮಂತರು ವಿಕ್ರಮಾದಿತ್ಯನ ಪಕ್ಷದಲ್ಲಿ ನಿಂತರು. 1076ರಲ್ಲಿ ಕುಲೋತ್ತುಂಗನು ಹಿಮ್ಮೆಟ್ಟಿದನು, ಸೋಮೇಶ್ವರನು ಸೆರೆಯಾದನು. ಅಣ್ಣನನ್ನು ಬಿಡುಗಡೆ ಮಾಡಲು ವಿಕ್ರಮಾದಿತ್ಯನು ಬಯಸಿದರೂ ಶಿವನು ಕನಸಿನಲ್ಲಿ ಕಾಣಿಸಿಕೊಂಡು ರಾಜ್ಯವನ್ನು ಸ್ವೀಕರಿಸುವಂತೆ ಆಜ್ಞಾಪಿಸಿದನೆಂದು ಬಿಲ್ಹಣ ಬರೆಯುತ್ತಾನೆ. ಮಾನವಸಹಜವಾದ ನ್ಯಾಯ ಅಣ್ಣನ ಪಕ್ಷದಲ್ಲಿದ್ದುದರಿಂದ ತಮ್ಮನ ಪಕ್ಷಕ್ಕೆ ದೈವವೇ ಬರಬೇಕಾಯಿತು.

ಸೋಮೇಶ್ವರನು ಕಾವ್ಯವು ಚಿತ್ರಿಸುವಷ್ಟು ಅಯೋಗ್ಯನಾಗಿದ್ದನೆ ಎಂಬ ಪ್ರಶ್ನೆಯೂ ಇದೆ. ಚೋಳರ ದಾಳಿಯಲ್ಲಿ ನಾಶವಾಗಿದ್ದ ಬೆಳ್ವೊಲದ ಜಿನಾಲಯಗಳನ್ನು ಅವನ ಕಾಲದಲ್ಲಿ ಲಕ್ಷ್ಮರಸನು ಜೀರ್ಣೋದ್ಧಾರ ಮಾಡಿಸಿದ್ದನ್ನು 1071–72ರ ಗಾವರವಾಡದ ಶಾಸನವು ತಿಳಿಸುತ್ತದೆ. ಶಾಂತಿನಾಥನ ಸುಕುಮಾರಚರಿತೆಯು ಬನವಾಸಿಯ ಅಧಿಕಾರಿಯಾಗಿದ್ದ ಲಕ್ಷ್ಮನೃಪನ ಆಶ್ರಯದಲ್ಲಿ ಇದೇ ಕಾಲದಲ್ಲಿ ರಚಿತವಾಯಿತು. ಸೋತವನ ಚರಿತ್ರೆಯನ್ನು ಬರೆಯಲು ಬಿಲ್ಹಣನಿರಲಿಲ್ಲ; ಕನ್ನಡದ ಕಲ್ಲುಗಳು ಅಷ್ಟಿಷ್ಟು ಹೇಳುತ್ತವೆ.

ತಮ್ಮನಿಗೆ ಸಂದ ಪದವಿ

ಪಟ್ಟವೇರಿದ ವಿಕ್ರಮಾದಿತ್ಯನು ತ್ರಿಭುವನಮಲ್ಲನೆಂಬ ಬಿರುದನ್ನು ಧರಿಸಿ, ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಶಕವನ್ನು ಆರಂಭಿಸಿದನು. ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಕಾಲಗಣನೆಯನ್ನು ನೆಲೆಗೊಳಿಸಿದ್ದನ್ನು ವಡಗೇರಿಯ ಶಾಸನವು ಸಾರುತ್ತದೆ. ಇದನ್ನು ಕೇವಲ ಕೀರ್ತಿಕಾಮನೆಯೆಂದು ತಿಳಿಯಬೇಕಾಗಿಲ್ಲ. ಯುವರಾಜನಾಗಿ ಕ್ರಮವಾಗಿ ಪಟ್ಟಕ್ಕೆ ಬಂದವನು ತಂದೆಯ ಕಾಲದ ಮುಂದುವರಿಕೆಯಾಗುತ್ತಾನೆ. ಹಾಗೆ ಬಾರದವನು ಕಾಲವನ್ನೇ ಹೊಸದಾಗಿ ಎಣಿಸತೊಡಗಿದರೆ ಹಿಂದಿನ ಎಂಟು ವರ್ಷಗಳ ಲೆಕ್ಕ ಕೇಳುವವರಿರುವುದಿಲ್ಲ.

ಜಯಸಿಂಹನ ಸಹಾಯಕ್ಕೆ ಪ್ರತಿಫಲವೂ ದೊರೆಯಿತು. 1080ರ ಆಸುಪಾಸಿನ ಶಾಸನಗಳಲ್ಲಿ ಅವನು ಯುವರಾಜನೆಂದು ಕರೆಯಿಸಿಕೊಂಡು ವೀರನೊಳಂಬ ಪಲ್ಲವ ಪೆರ್ಮಾನಡಿ ಎಂಬ ಬಿರುದಿನಿಂದ ಬನವಾಸಿಯ ಜೊತೆಗೆ ಬೆಳ್ವೊಲ, ಪುಲಿಗೆರೆಗಳನ್ನೂ ಆಳುತ್ತಿದ್ದುದು ಕಂಡುಬರುತ್ತದೆ. ಹಿಂದೆ ಅಣ್ಣ ಸೋಮೇಶ್ವರನ ವಶದಲ್ಲಿದ್ದ ನಾಡುಗಳೇ ಪದವಿಯೊಡನೆ ತಮ್ಮನ ಕೈಗೆ ಬಂದಿದ್ದವು. ವಿಕ್ರಮಾದಿತ್ಯನಿಗೂ ಹಿಂದೆ ಇದ್ದ ಗಡಿಯ ಬಲ, ಸೋಮೇಶ್ವರನಿಗಿದ್ದ ಹೃದಯಭಾಗದ ಸಂಪತ್ತು ಎರಡೂ ಒಬ್ಬನಲ್ಲಿ ಸೇರಿದವು. ಅರಸನ ಗಂಡುಮಕ್ಕಳು ಬೆಳೆಯುತ್ತ ಬಂದಂತೆ ಯುವರಾಜನಾದ ತಮ್ಮನ ನಿರೀಕ್ಷೆಗೆ ಎಡೆಯಿಲ್ಲದಾಗುವುದು ಸಹಜ. 1082–83ರ ವೇಳೆಗೆ ಜಯಸಿಂಹನು ದಂಗೆಯೆದ್ದು ಕೃಷ್ಣಾತೀರದಲ್ಲಿ ಅಣ್ಣನನ್ನು ಎದುರಿಸಿದನು. ಮೊದಲು ಅವನದೇ ಮೇಲುಗೈಯಾದರೂ ಕೊನೆಗೆ ಸೋತು ಸೆರೆಯಾದನು. ವಿಕ್ರಮಾದಿತ್ಯನು ಅವನ ಬಗೆಗೆ ಕರುಣೆ ತೋರಿದನೆಂದು ಬಿಲ್ಹಣ ಹೇಳುತ್ತಾನೆ. ಅಲ್ಲಿಂದ ಮುಂದೆ ಆಡಳಿತದಲ್ಲಿ ಜಯಸಿಂಹನಿಗೆ ಸ್ಥಾನವಿಲ್ಲದಾಯಿತು.

ಬಿಲ್ಹಣನ ಕಾವ್ಯದಲ್ಲಿ ಈ ದಂಗೆಯ ವರ್ಣನೆಯಿರುವುದರಿಂದ ಅದು ದಂಗೆಯ ಅನಂತರ ಪೂರ್ಣಗೊಂಡದ್ದೆಂಬುದು ಸ್ಪಷ್ಟ. ಈ ಹಿನ್ನೆಲೆಯಲ್ಲಿ ನಿರಾಕರಣೆಯ ಪ್ರಸಂಗಕ್ಕೆ ಮತ್ತೊಂದು ಅರ್ಥ ಒದಗುತ್ತದೆ. ಕಾವ್ಯದ ಮೊದಲ ಭಾಗದಲ್ಲಿ ಒಬ್ಬ ತಮ್ಮನು ಕೊಡಲು ಬಂದ ಯುವರಾಜ ಪದವಿಯನ್ನು ಅಣ್ಣನಿಗಾಗಿ ಬಿಟ್ಟುಕೊಡುತ್ತಾನೆ. ಕೊನೆಯ ಭಾಗದಲ್ಲಿ ಇನ್ನೊಬ್ಬ ತಮ್ಮನು ಅಣ್ಣನಿಂದ ಎಲ್ಲವನ್ನೂ ಪಡೆದು ಅಣ್ಣನ ಮೇಲೆಯೇ ಏರಿ ಬರುತ್ತಾನೆ. ಮೊದಲನೆಯ ಚಿತ್ರವು ಎರಡನೆಯದನ್ನು ಖಂಡಿಸಲೆಂದೇ ರೂಪುಗೊಂಡಂತಿದೆ. ಅಣ್ಣನ ರಾಜ್ಯವನ್ನು ತೆಗೆದುಕೊಂಡ ಅರಸನು ತನ್ನ ತಮ್ಮನ ಅಂಥದೇ ಆಸೆಯನ್ನು ಅಧರ್ಮವೆಂದು ತೋರಿಸಬೇಕಾದಾಗ ಇಂಥ ಕಥೆಯಿಲ್ಲದೆ ಬೇರೆ ದಾರಿಯಿರಲಿಲ್ಲ.

ಸಮಭಾಗದ ಶಾಸ್ತ್ರ, ಅವಿಭಾಜ್ಯ ರಾಜ್ಯ

ವಿಕ್ರಮಾದಿತ್ಯನ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಮುಖ್ಯ ಸಿದ್ಧಾಂತ. ಹಿರಿಯನಿಗೆ ಹೆಚ್ಚಿನ ಪಾಲು ಕೊಡುವ ಪದ್ಧತಿ ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ಒಪ್ಪಿಗೆಯಿಲ್ಲದ್ದರಿಂದ ಅದನ್ನು ಆಚರಿಸಬಾರದೆಂದು ವಿಜ್ಞಾನೇಶ್ವರನು ಅಭಿಪ್ರಾಯಪಟ್ಟನು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಹಕ್ಕನ್ನು ಶತಮಾನಗಳ ಕಾಲ ನಿರ್ಣಯಿಸಿದ ಈ ಗ್ರಂಥವು, ಮೂವರು ಸೋದರರು ಒಂದು ರಾಜ್ಯಕ್ಕಾಗಿ ಕಾದಾಡಿದ ನಗರದಲ್ಲಿ ಹುಟ್ಟಿತು. ಹೊಲವನ್ನು ಹಂಚಬಹುದು, ಸಿಂಹಾಸನವನ್ನು ಹಂಚಲಾಗದು. ಈ ತೊಡಕಿಗೆ ಅರಸುಮನೆತನಗಳು ಕಂಡುಕೊಂಡ ಪರಿಹಾರವೇ ಯುವರಾಜ ಪದವಿ: ಒಬ್ಬನಿಗೆ ಕಂಠಿಕೆ, ಉಳಿದವರಿಗೆ ನಾಡುಗಳ ಆಡಳಿತ. ಕಂಠಿಕೆಗಿಂತ ನಾಡಿನ ಸೈನ್ಯವೇ ಬಲವಾದಾಗ ಆ ಪರಿಹಾರ ಕುಸಿಯುತ್ತಿತ್ತು.

ಆಳ್ವಿಕೆಯ ಮುಂದಿನ ದಶಕಗಳು ಬಹುಮಟ್ಟಿಗೆ ಸಮೃದ್ಧಿಯವು. 1112ರಲ್ಲಿ ದಂಡನಾಯಕ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ಮಹಾದೇವಾಲಯವು ಆ ಕಾಲದ ಶಿಲ್ಪಸಾಧನೆಗೆ ಸಾಕ್ಷಿ. ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಹವಣಿಸಿದ್ದು ಕೊನೆಯ ವರ್ಷಗಳ ಚಿಂತೆಯಾಗಿತ್ತು. ಸೋದರರ ವಿಷಯದಲ್ಲಿ ಕಲಿತ ಪಾಠವನ್ನು ಅರಸನು ಮರೆತಂತೆ ಕಾಣುವುದಿಲ್ಲ. ಅನಂತರ ನಾಡುಗಳ ಆಡಳಿತದಲ್ಲಿ ಅವನ ಮಕ್ಕಳಾದ ಮಲ್ಲಿಕಾರ್ಜುನ, ಜಯಕರ್ಣ, ಸೋಮೇಶ್ವರ, ತೈಲಪರ ಹೆಸರುಗಳು ಕಾಣಿಸಿಕೊಳ್ಳುತ್ತವೆ. 1126ರಲ್ಲಿ ಮೂರನೆಯ ಸೋಮೇಶ್ವರನು ಭೂಲೋಕಮಲ್ಲನೆಂಬ ಬಿರುದಿನಿಂದ ಪಟ್ಟಕ್ಕೆ ಬಂದನು. ಮಾನಸೋಲ್ಲಾಸದ ಕರ್ತೃವಾಗಿ ಪ್ರಸಿದ್ಧನಾದ ಈ ಮಗನು ವಿಕ್ರಮಾಂಕಾಭ್ಯುದಯವೆಂಬ ಕೃತಿಯಲ್ಲಿ ತಂದೆಯ ಚರಿತ್ರೆಯನ್ನೂ ಬರೆಯತೊಡಗಿದನು. ಅದು ಅಪೂರ್ಣವಾಗಿಯೇ ದೊರೆತಿದೆ.

ಉಪಸಂಹಾರ

1055ರಿಂದ 1126ರವರೆಗಿನ ವಿಕ್ರಮಾದಿತ್ಯನ ಎಪ್ಪತ್ತೊಂದು ವರ್ಷಗಳ ಸಾರ್ವಜನಿಕ ಜೀವನದಲ್ಲಿ ಯುವರಾಜ ಪದವಿಯು ನಾಲ್ಕು ರೂಪಗಳಲ್ಲಿ ಎದುರಾಗುತ್ತದೆ: ಅಣ್ಣನಿಗೆ ಸಂದ ಹಕ್ಕಾಗಿ, ಕಾವ್ಯದಲ್ಲಿ ನಿರಾಕರಿಸಿದ ಕೊಡುಗೆಯಾಗಿ, ಶತ್ರುವು ಕಟ್ಟಿದ ಕಂಠಿಕೆಯಾಗಿ, ತಮ್ಮನಿಗೆ ಕೊಟ್ಟ ಪ್ರತಿಫಲವಾಗಿ. ಸಂಸ್ಕೃತ ಕಾವ್ಯ, ತಮಿಳು ಶಾಸನ, ಕನ್ನಡ ಶಾಸನಗಳಲ್ಲಿ ಯಾವುದೊಂದನ್ನು ಮಾತ್ರ ನೆಚ್ಚಿದರೂ ಈ ನಾಲ್ಕೂ ಒಟ್ಟಿಗೆ ಕಾಣುವುದಿಲ್ಲ. ಕನ್ನಡ ನಾಡಿನ ಚರಿತ್ರೆಯನ್ನು ಅಭ್ಯಸಿಸುವವರು ನೆರೆಯ ಭಾಷೆಗಳ ಆಕರಗಳನ್ನು ಏಕೆ ಓದಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ತಮ್ಮನಿಗೆ ಯುವರಾಜ ಪದವಿ ಸಲ್ಲುವ ಪರಂಪರೆಯು ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರರಾದ ಕಂಠೀರವ ನರಸಿಂಹರಾಜ ಒಡೆಯರು ಮೈಸೂರಿನ ಯುವರಾಜರೆಂದೇ ಜನಪ್ರಿಯರಾಗಿದ್ದು, ಅಣ್ಣನಿಗಿಂತ ಕೆಲವೇ ತಿಂಗಳು ಮೊದಲು, 1940ರಲ್ಲಿ, ಮುಂಬಯಿಯಲ್ಲಿ ನಿಧನರಾದರು. ಸಿಂಹಾಸನವು ಅವರ ಮಗ ಜಯಚಾಮರಾಜ ಒಡೆಯರಿಗೆ ಸಂದಿತು. ಪದವಿಯನ್ನು ಹೊತ್ತೂ ಪಟ್ಟವನ್ನು ಕಾಣದ ಯುವರಾಜರು ಒಂದು ಕಡೆ. ಯುವರಾಜನಾಗದೆಯೇ ಐವತ್ತು ವರ್ಷ ಆಳಿ ತನ್ನ ಹೆಸರಿನಲ್ಲಿ ಕಾಲವನ್ನೇ ಎಣಿಸಿದ ವಿಕ್ರಮಾದಿತ್ಯ ಇನ್ನೊಂದು ಕಡೆ. ಆ ಐವತ್ತು ವರ್ಷಗಳ ಅಧಿಕಾರವಾಗಲಿ ಹೊಸ ಶಕವಾಗಲಿ ಅವನ ಕೊರತೆಯನ್ನು ಪೂರ್ಣವಾಗಿ ತುಂಬಲಾರದೆ ಹೋದವು. ಅದನ್ನು ತುಂಬಲು ಕಾಶ್ಮೀರದ ಕವಿಯೊಬ್ಬನ ಕಾವ್ಯ ಬೇಕಾಯಿತೆಂಬುದೇ ಆ ಹಳೆಯ ಬಿರುದಿಗೆ ಜನಮನದಲ್ಲಿದ್ದ ಬೆಲೆಯನ್ನು ತಿಳಿಸುತ್ತದೆ.